ಎಳ್ಳಿನಷ್ಟು ಉದ್ದ

ಜೂನ್ 3

ತಂಗಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಎಲ್ಲರೂ ಎಂದರೆ ನಾನೊಬ್ಬಳೇ. ಆರು ವರ್ಷದ ಮೇಲೆ ಬರೆಯುತ್ತಿರುವುದು ಸೂಜಿಗಾಗಿ. ನಗಬೇಡ.

ಅಮ್ಮನ ಹೊಲಿಗೆ ಯಂತ್ರಕ್ಕೆ ಸೂಜಿ ಮುಗಿದಿದೆ. ಡಬ್ಬಿಯಲ್ಲಿ ಒಂದೇ ಒಂದು ಉಳಿದಿದೆ. ಅದನ್ನೂ ಮುರಿದುಕೊಂಡರೆ ಮುಂದೇನು ಎಂಬ ಹೆದರಿಕೆಯಲ್ಲಿ ಹತ್ತು ದಿನದಿಂದ ಯಂತ್ರಕ್ಕೆ ಮುಚ್ಚಳ ಹಾಕಿ ಕೂತಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವುದೆಲ್ಲ ಈಗಿನ ಸೂಜಿ, ತಲೆಯ ಒಂದು ಮಗ್ಗುಲು ಚಪ್ಪಟೆಯಾಗಿರುವಂಥದು. ನಮ್ಮದರ ತಲೆ ಪೂರ್ತಿ ಗುಂಡಗೆ ಅಲ್ಲವೇ, ಅದು ಯಾರ ಹತ್ತಿರವೂ ಇಲ್ಲ. ಒಬ್ಬ ಅಂಗಡಿಯವನಂತೂ, “ಆ ಕಾಲದ ಸೂಜಿ ಈಗೆಲ್ಲಿ ಬರುತ್ತಮ್ಮಾ, ಮಿಷನ್ನೇ ಗುಜರಿಗೆ ಹಾಕಿಬಿಡಿ” ಅಂದ. ಅವನ ಬಾಯಿಗೆ ಮಣ್ಣು ಹಾಕ!

ಹಳೆಯ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ನೀನು ಕೆಲಸಕ್ಕೆ ಸೇರಿದ್ದೀಯ ಎಂದು ಅತ್ತೆಯ ಮಗ ಹೇಳಿದ. ಅಂಗಡಿಯ ವಿಳಾಸವನ್ನೂ ಅವನೇ ಕೊಟ್ಟ. ಇರುವ ಒಂದು ಸೂಜಿಯನ್ನು ಅಂಚೆಯಲ್ಲಿ ಕಳಿಸಲು ಧೈರ್ಯ ಸಾಲದು. ಆದ್ದರಿಂದ ಅದನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಪೆನ್ಸಿಲ್ ಮೊಂಡಾಗಿತ್ತು, ಗೆರೆ ಸ್ವಲ್ಪ ದಪ್ಪ ಬಂದಿದೆ. ಅದಕ್ಕೆ ಸರಿಹೊಂದುವುದು ಸಿಕ್ಕರೆ ಒಂದು ಡಜನ್ ಕಳಿಸು.

ಅಂದು ನಾನು ಆಡಿದ ಮಾತಿನ ಬಗ್ಗೆ ಇದರಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇರೆ ಕಾಗದವೇ ಬೇಕು.

ಸೂಜಿಯ ದಾರಿ ಕಾಯುತ್ತಿರುವ,
ಅಕ್ಕ


ಜೂನ್ 14

ಅಕ್ಕಾ,

ಆರು ವರ್ಷ ಉಸಿರೆತ್ತದವಳಿಗೆ ಸೂಜಿ ಮುಗಿದಾಗ ತಂಗಿ ನೆನಪಾದಳು! ಇರಲಿ ಬಿಡು, ಸೂಜಿಗಾದರೂ ಆದೆನಲ್ಲ.

ನಮ್ಮ ಅಂಗಡಿಯ ಯಜಮಾನರನ್ನು ಊರೆಲ್ಲ ಸೂಜಿ ತಾತ ಅನ್ನುತ್ತೆ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಸವರಿ, ಇದು ಇಂಥ ಯಂತ್ರದ್ದು ಅಂತ ಹೇಳುವ ಆಸಾಮಿ. ಅವರು ಎರಡು ವಾರ ಊರಲ್ಲಿಲ್ಲ. ಆದ್ದರಿಂದ ನಾನೇ ಏಣಿ ಹತ್ತಿದೆ. ಗೋಡೆ ತುಂಬ ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಖಾನೆಗಳು, ಮುನ್ನೂರರ ಮೇಲಿವೆ. ಅರ್ಧಕ್ಕರ್ಧ ಚೀಟಿ ಇಲಿ ತಿಂದಿದೆ. ಒಂದು ವಾರ ಹುಡುಕಿದ ಮೇಲೆ ಗುಂಡು ತಲೆಯ ಸೂಜಿ ಎರಡು ಜಾತಿಯದು ಸಿಕ್ಕಿತು. ಎರಡನ್ನೂ ನಿನ್ನ ಚಿತ್ರದ ಮೇಲಿಟ್ಟು ನೋಡಿದೆ. ಒಂದು ಗೆರೆಯ ಒಳಗೇ ನಿಂತಿತು. ಇನ್ನೊಂದು ಗೆರೆಯ ಹೊರ ಅಂಚಿಗೆ ಸರಿಯಾಗಿ ಮುಟ್ಟಿತು. ಮುಟ್ಟಿದ್ದೇ ನಿನ್ನದು, ಎಳ್ಳಷ್ಟೂ ಅನುಮಾನವಿಲ್ಲ. ಡಜನ್ ಇದರ ಜೊತೆ ಇದೆ.

“ಸೂಜಿ ಯಾವುದು ದಬ್ಬಳ ಯಾವುದು ಗೊತ್ತಿಲ್ಲದವಳಿಗೆ ಮಿಷನ್ ಯಾಕೆ? ಮೂರು ದಿನದಲ್ಲಿ ಹಾಳು ಮಾಡ್ತಾಳೆ” ಅಂದಿದ್ದೆಯಲ್ಲ, ಅಮ್ಮ ಹೋಗಿ ಹದಿನೈದು ದಿನವೂ ಆಗಿರಲಿಲ್ಲ, ಮನೆ ತುಂಬ ಜನ ಇದ್ದರು. ನೀನು ಅದಕ್ಕೆ ಬೇರೆ ಕಾಗದ ಬರೆಯುವುದೇನೂ ಬೇಡ. ಆ ಗೊತ್ತಿಲ್ಲದವಳೇ ಹುಡುಕಿ ಕಳಿಸಿದ್ದಾಳೆ, ಹಾಕಿಕೊಂಡು ಹೊಲಿ.

ಅಂದ ಹಾಗೆ, ನೀನೂ ಅಜ್ಜಿಯಾದೆ. ನನ್ನ ಮಗಳಿಗೆ ಗಂಡು ಮಗು. ಎರಡು ತಿಂಗಳು ತುಂಬಿತು. ಕೆನ್ನೆ ನೋಡಿ ಎಲ್ಲರೂ ಗುಂಡ ಅನ್ನುತ್ತಿದ್ದೇವೆ. ಅವರೆಲ್ಲ ಇರುವುದು ನನ್ನ ಜೊತೆಯಲ್ಲೇ.

ನಿನ್ನ,
ದಬ್ಬಳ


ಜುಲೈ 2

ತಂಗಿಗೆ,

ಸೂಜಿ ಬಂತು. ಹಾಕಿ ಹೊಲಿದೆ. ಎಷ್ಟೋ ದಿನದ ಮೇಲೆ ಯಂತ್ರದ ಸದ್ದು ಕೇಳಿ ಒಬ್ಬಳೇ ಕೂತು ಅತ್ತುಬಿಟ್ಟೆ. ನಿನ್ನನ್ನು ಹೊಗಳಿದರೆ ತಲೆಗೇರುತ್ತದೆ, ಆದರೂ ಬರೆಯುತ್ತೇನೆ: ಚೆನ್ನಾಗಿ ಹುಡುಕಿದ್ದೀಯ. ನೂರಕ್ಕೊಂದು ಹೊಲಿಗೆ ಬಿಟ್ಟು ಹೋಗುತ್ತಿದೆ, ಅದು ಯಂತ್ರಕ್ಕೆ ವಯಸ್ಸಾಗಿ ಇರಬೇಕು.

ಗುಂಡನಿಗೆ ಒಂದು ಹೊದಿಕೆ ಹೊಲಿದು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಒಳಗೆ ಹತ್ತಿ, ಹೊರಗೆ ಹಳದಿ ಬಟ್ಟೆ, ಸುತ್ತ ಅಂಚು. ಹಾಸಲೂ ಆಗುತ್ತದೆ, ಸುತ್ತಲೂ ಆಗುತ್ತದೆ. ಮೊನ್ನೆ ಮೂವತ್ತನೇ ತಾರೀಕು ಅದರ ಮೂಲೆಯ ಹತ್ತಿರ, ನಾಲ್ಕು ಪದರ ಕೂಡುವಲ್ಲಿ, ಟಕ್ ಅಂತ ಸೂಜಿ ಮುರಿಯಿತು. ಅಮ್ಮ ಏನು ಹೇಳುತ್ತಿದ್ದಳು? “ಚೂರು ಕೂಡೋವರೆಗೂ ಬಟ್ಟೆ ಕೈ ಬಿಡಬೇಡ.” ಹಾಗೇ ಮಾಡಿದೆ. ಮೇಲಿನ ತುಂಡು ಯಂತ್ರದಲ್ಲೇ ಇತ್ತು. ಕಣ್ಣು, ಮೊನೆ ಇದ್ದ ತುಂಡು ಬಟ್ಟೆಯಲ್ಲಿ ಚುಚ್ಚಿಕೊಂಡಿತ್ತು. ಎರಡನ್ನೂ ಜೋಡಿಸಿ ಹಳೆಯ ಸೂಜಿಯ ಪಕ್ಕದಲ್ಲಿಟ್ಟು ಅಳೆದೆ. ತಲೆಗೆ ತಲೆ, ಮೊನೆಗೆ ಮೊನೆ ಸಮ. ಮುರಿದ ಬಾಯಿಗಳು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳಲಿಲ್ಲ, ಕನ್ನಡಕ ಬದಲಿಸಬೇಕು. ಆಮೇಲೆಯೇ ಬಟ್ಟೆ ಮಡಿಸಿದ್ದು.

ಬೇರೆ ಕಾಗದ ಬೇಡ ಅಂದೆಯಲ್ಲ, ಆ ಹೊದಿಕೆಯೇ ಆ ಕಾಗದ ಅಂದುಕೋ.

ನಿನ್ನ,
ಅಕ್ಕ


ಜುಲೈ 20

ಅಕ್ಕಾ,

ಹೊದಿಕೆ ಬಂದು ಹತ್ತು ದಿನ ಆಯಿತು, ಬರೆಯುವುದು ತಡವಾಯಿತು. ಅಂಚು ನೋಡಿ ಮಗಳು, “ದೊಡ್ಡಮ್ಮನ ಕೈಯಾ ಇದು? ಮಿಷನ್ ಅವರಿಗೇ ಸಿಕ್ಕಿದ್ದು ಒಳ್ಳೇದಾಯ್ತು ಬಿಡಮ್ಮಾ” ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನೋಡು, ಮನೆಯಲ್ಲೇ ವೈರಿ!

ಗುಂಡ ಹಗಲೂ ರಾತ್ರಿ ಅದರ ಮೇಲೇ. ತೊಳೆದು ಒಣಗಿಸಿ ಮತ್ತೆ ಅದೇ ಬೇಕು. ಒಂದೊಂದು ಸಲ ಮಾತ್ರ ಮಲಗಿಸಿದ ಕೂಡಲೇ ಕಿಟಾರನೆ ಕಿರುಚುತ್ತಾನೆ. ಎತ್ತಿಕೊಂಡರೆ ಸುಮ್ಮನಾಗುತ್ತಾನೆ. “ಎತ್ತಿ ಎತ್ತಿ ಅಭ್ಯಾಸ ಮಾಡಿಬಿಟ್ಟೆ, ಈಗ ಅನುಭವಿಸು” ಅಂತ ಮಗಳು ನನ್ನ ಮೇಲೆ ಹಾರುತ್ತಾಳೆ.

ಈಗ ಬೈಸಿಕೊಳ್ಳುವ ಸುದ್ದಿ. ಸೂಜಿ ತಾತನ ಹತ್ತಿರ ಮೊನ್ನೆ ಮಾತಿಗೆ ಮಾತು ಬಂದು ನಿನಗೆ ಕಳಿಸಿದ್ದನ್ನು ಹೇಳಿದೆ. ಚಿತ್ರ ತೋರಿಸು ಅಂದರು. ನೋಡಿದವರೇ ತಲೆ ಚಚ್ಚಿಕೊಂಡರು. “ಗೆರೆಯ ಹೊರ ಅಂಚು ಯಾರಾದರೂ ನೋಡ್ತಾರಾ? ಒಳ ಅಂಚು ನೋಡಬೇಕು. ನೀನು ಕಳಿಸಿದ್ದು ಎಳ್ಳುಕಾಳಷ್ಟು ಉದ್ದ ಜಾಸ್ತಿ ಕಣಮ್ಮಾ. ತೆಳು ಬಟ್ಟೆಗೆ ನಡೆದುಹೋಗುತ್ತೆ. ದಪ್ಪ ಬಟ್ಟೆ ಬಂದರೆ ಸೂಜಿ ಬಾಗಿ ಕೆಳಗೆ ದಾರ ಹಿಡಿಯೋ ಶಟಲ್‌ಗೆ ಹೊಡೆದು ಚೂರಾಗುತ್ತೆ” ಅಂದರು. ಆದ್ದರಿಂದ ಅದನ್ನು ಇನ್ನು ಹಾಕಬೇಡ. ಸರಿಯಾದದ್ದನ್ನು ಅವರ ಕೈಯಲ್ಲೇ ಆರಿಸಿ ಕಳಿಸುತ್ತೇನೆ.

ಒಂದು ಮುರಿಯಿತು ಅಂದಿದ್ದೆ. ನೀನು ಅಳೆದು ನೋಡಿದ್ದೀಯ, ಪುಣ್ಯ. ಇನ್ನು ಯಾವುದೂ ಮುರಿದಿಲ್ಲ ತಾನೇ?

ನಿನ್ನ,
ದಬ್ಬಳ (ನೀನೇ ಗೆದ್ದೆ)


ಜುಲೈ 24

ತಂಗಿಗೆ,

ನಿನ್ನ ಕಾಗದ ಈಗ ತಾನೇ ಬಂತು. ಸೂಜಿಯ ವಿಷಯ ಇರಲಿ, ಅದೇನು ದೊಡ್ಡದಲ್ಲ. ಇನ್ನು ಯಾವುದೂ ಮುರಿದಿಲ್ಲ.

ನಾನು ಬರೆಯುತ್ತಿರುವುದು ಹೊದಿಕೆಯ ಬಗ್ಗೆ. ಅದರ ಅಂಚು ಸೊಟ್ಟಗಿದೆ. ನೆನೆಸಿಕೊಂಡಾಗೆಲ್ಲ ನಾಚಿಕೆಯಾಗುತ್ತದೆ. ನಾಳೆಯೇ ಪಾರ್ಸೆಲ್ ಮಾಡಿ ವಾಪಸ್ ಕಳಿಸು, ನೆಟ್ಟಗೆ ಮಾಡಿ ಹಿಂದಿರುಗಿಸುತ್ತೇನೆ. ಅಲ್ಲಿಯವರೆಗೆ ಮಗುವಿಗೆ ಹಾಸಬೇಡ, ಹೊದಿಸಲೂ ಬೇಡ. ಬಣ್ಣವೂ ಬಿಡಬಹುದು, ಮೈಗೆ ಒಳ್ಳೆಯದಲ್ಲ. ತೊಟ್ಟಿಲಿಂದ ತೆಗೆದು ಎತ್ತರದಲ್ಲಿಡು. ಮರೆಯಬೇಡ. ಇವತ್ತೇ ತೆಗೆ.

ಗುಂಡ ಕಿರುಚುವುದು ಯಾವ ಮಗ್ಗುಲಿಗೆ ಮಲಗಿಸಿದಾಗ? ಸುಮ್ಮನೆ ಕೇಳಿದೆ.

ಅಕ್ಕ


ಜುಲೈ 28

ಅಕ್ಕಾ,

ನಿನಗೇನಾಗಿದೆ? ಅಂಚಿಗೆ ಸ್ಕೇಲ್ ಇಟ್ಟು ನೋಡಿದೆ, ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ನಾಲ್ಕು ಸಲ ತೊಳೆದಿದ್ದೇವೆ, ಹನಿ ಬಣ್ಣ ಬಿಟ್ಟಿಲ್ಲ. ಒಂದು ಸಲ ಅಂಚು ಅನ್ನುತ್ತೀಯ, ಮರುಸಾಲಿಗೆ ಬಣ್ಣ ಅನ್ನುತ್ತೀಯ. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ನಿನಗೆ ಹಳೇ ಚಾಳಿ ಕಣೇ. ಯಂತ್ರವನ್ನೂ ಅಮ್ಮ ನನಗೇ ಅಂದಿದ್ದಳು, ಆಮೇಲೆ ಏನಾಯಿತು? ಈ ಸಲ ಬಿಡುವವಳಲ್ಲ. ಹೊದಿಕೆ ನಮ್ಮದು. ಕಳಿಸುವುದಿಲ್ಲ, ಎತ್ತರದಲ್ಲೂ ಇಡುವುದಿಲ್ಲ.

ನಿನ್ನೆ ಗುಂಡ ಮೊದಲ ಸಲ ಮಗುಚಿಕೊಂಡ! ನಿನ್ನ ಹೊದಿಕೆಯ ಮೇಲೇ. ನಾವೆಲ್ಲ ಚಪ್ಪಾಳೆ ತಟ್ಟಿ ಕುಣಿದೆವು, ಅವನು ಹೆದರಿ ಅತ್ತ. ಎಡಗಡೆಗೆ ಮಲಗಿಸಿದರೆ ಕಿರುಚುವುದು ಜಾಸ್ತಿ, ನೀನು ಕೇಳಿದ್ದಕ್ಕೆ ಹೇಳಿದೆ. ಕತ್ತಿನ ಹಿಂದೆ ಮೂರು ಗೀರು ಎದ್ದಿವೆ. ತನ್ನ ಉಗುರಲ್ಲೇ ಪರಚಿಕೊಂಡಿದ್ದಾನೆ ಅಂತ ಮಗಳು ಉಗುರೆಲ್ಲ ಕತ್ತರಿಸಿದಳು. ಆದರೂ ಇವತ್ತು ಇನ್ನೊಂದು ಎದ್ದಿದೆ.

ಇನ್ನೊಂದು ಸಲ ವಾಪಸ್ ಕೇಳಿದರೆ ಮತ್ತೆ ಆರು ವರ್ಷ ಮಾತು ಬಿಡುತ್ತೇನೆ, ಹುಷಾರ್.

ದಬ್ಬಳ


ತಂತಿ, ಆಗಸ್ಟ್ 1

ಹೊದಿಕೆಯಲ್ಲಿ ಸೂಜಿ ಚೂರಿದೆ. ಮಗುವನ್ನು ಈಗಲೇ ಎತ್ತು. ವೈದ್ಯರಿಗೆ ತೋರಿಸು. — ಅಕ್ಕ


ಆಗಸ್ಟ್ 1

ತಂಗಿಗೆ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಏನಾಗಿರುತ್ತದೋ ಗೊತ್ತಿಲ್ಲ. ತಂತಿ ಕಳಿಸಿ ಅಂಚೆ ಕಚೇರಿಯ ಬೆಂಚಿನ ಮೇಲೇ ಕೂತು ಬರೆಯುತ್ತಿದ್ದೇನೆ.

ಮುರಿದ ಚೂರುಗಳನ್ನು ನಾನು ಅಳೆದದ್ದು ಹಳೆಯ ಸೂಜಿಯ ಜೊತೆ. ಮುರಿದದ್ದು ನೀನು ಕಳಿಸಿದ ಸೂಜಿ. ಅದು ಎಳ್ಳಿನಷ್ಟು ಉದ್ದ. ಚೂರು ಎರಡೂ ಸೇರಿ ಹಳೆಯದರಷ್ಟೇ ಬಂದವು ಎಂದರೆ, ಉಳಿದ ಎಳ್ಳಿನಷ್ಟು ಎಲ್ಲಿ ಹೋಯಿತು? ಮುರಿದ ಬಾಯಿಗಳು ಕೂಡದೆ ಇದ್ದದ್ದು ಕನ್ನಡಕದ ತಪ್ಪಲ್ಲ. ನಡುವಿನ ಚೂರು ಇರಲೇ ಇಲ್ಲ. ಅದು ಹತ್ತಿಯೊಳಗಿದೆ, ಎರಡೂ ಕಡೆ ಚೂಪಾಗಿ.

ಇದು ನನಗೆ ಇವತ್ತು ಗೊತ್ತಾದದ್ದಲ್ಲ. ನಿನ್ನಿಂದ ಮುಚ್ಚಿಡುವುದಿಲ್ಲ. ಇಪ್ಪತ್ತನಾಲ್ಕನೇ ತಾರೀಕು ನಿನ್ನ ಕಾಗದ ಓದಿ ಮುಗಿಸುವ ಮೊದಲೇ ಎದ್ದು ಹೋಗಿ, ಹೊಸ ಸೂಜಿಯೊಂದನ್ನು ಚೂರುಗಳ ಪಕ್ಕದಲ್ಲಿಟ್ಟೆ. ಮೊನೆ ಅಷ್ಟು ಮುಂದೆ ನಿಂತಿತು. ಯಂತ್ರ ಬಿಚ್ಚಿ, ನೆಲ ಗುಡಿಸಿ, ಕಸವನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿ ಹುಡುಕಿದೆ. ಇಲ್ಲ. ಆಮೇಲೆ ಕೂತು ನಿನಗೆ ಬರೆದದ್ದು ಸೊಟ್ಟ ಅಂಚಿನ ಕಾಗದ.

ಯಾಕೆ ಅಂತ ಕೇಳುತ್ತೀಯ. ಆರು ವರ್ಷದ ಮೇಲೆ ನೀನು ಒಂದು ಕಾಗದ ಬರೆದಿದ್ದೆ. ದಬ್ಬಳ ಅಂತ ಸಹಿ ಹಾಕಿದ್ದೆ. ನಾನು ಕಳಿಸಿದ್ದರಲ್ಲಿ ಸೂಜಿ ಇದೆ ಎಂದು ಬರೆದರೆ ಮತ್ತೆ ನಿನ್ನ ಅಕ್ಷರ ನೋಡುವುದಿಲ್ಲ ಅನ್ನಿಸಿತು. ಹೊದಿಕೆ ವಾಪಸ್ ಬಂದರೆ ಸದ್ದಿಲ್ಲದೆ ತೆಗೆದುಬಿಡೋಣ ಅಂದುಕೊಂಡೆ. ದಿನವೂ ತಂತಿ ಕಚೇರಿಯ ಮೆಟ್ಟಿಲವರೆಗೆ ಹೋದೆ. ಇವತ್ತು ಪಾರ್ಸೆಲ್ ಬಂದಿರುತ್ತೆ, ನಾಳೆ ಬಂದಿರುತ್ತೆ ಎಂದು ಮನಸ್ಸಿಗೆ ಸುಳ್ಳು ಹೇಳಿ ತಿರುಗಿ ಬಂದೆ. ಮಗುವಿನ ಕೂಗು ಇಲ್ಲಿಗೆ ಕೇಳಿಸುವುದಿಲ್ಲವಲ್ಲ. ಇವತ್ತು ಗೀರು ಎಂದು ನೀನು ಬರೆದದ್ದನ್ನು ಓದಿ ಚಪ್ಪಲಿಯೂ ಇಲ್ಲದೆ ಓಡಿ ಬಂದೆ.

ನನಗೆ ಕ್ಷಮೆ ಬೇಡ. ಅವನು ಹೇಗಿದ್ದಾನೆ ಎಂದು ಒಂದು ಸಾಲು ಬರೆಸು. ನೀನು ಬರೆಯಲಾರೆಯಾದರೆ ಬೇರೆ ಯಾರಿಂದಲಾದರೂ.

ಅಕ್ಕ


ಆಗಸ್ಟ್ 6

ಅಕ್ಕಾ,

ತಂತಿ ಬಂದದ್ದು ಅಂಗಡಿಗೆ, ಮಧ್ಯಾಹ್ನ ಹನ್ನೆರಡಕ್ಕೆ. ಓದಿದೆ. ಅರ್ಥವಾಗಲಿಲ್ಲ. ಸೂಜಿ ತಾತ ನನ್ನ ಕೈಯಿಂದ ತೆಗೆದುಕೊಂಡು ಓದಿದರು. ನೆಲಕ್ಕೆ ಬಿದ್ದ ಸೂಜಿ ಆರಿಸುವ ಅಯಸ್ಕಾಂತವನ್ನು ನನ್ನ ಕೈಗಿಟ್ಟು, “ಓಡು” ಅಂದರು.

ಎರಡು ಬೀದಿ ಹೇಗೆ ದಾಟಿದೆನೋ. ಗುಂಡ ನಡುಮನೆಯಲ್ಲಿ ಹೊದಿಕೆಯ ಮೇಲೇ ಮಲಗಿ ಕಾಲು ಬಡಿಯುತ್ತಿದ್ದ. ಬಾಚಿ ಎತ್ತಿದೆ. ಮಗಳು ಅಡುಗೆಮನೆಯಿಂದ ಬಂದು, “ಏನಮ್ಮಾ, ಹುಚ್ಚು ಹಿಡೀತಾ?” ಅಂದಳು. ತಂತಿ ಅವಳ ಕೈಗೆ ಕೊಟ್ಟು ಕತ್ತರಿ ತೆಗೆದುಕೊಂಡೆ. ನಿನ್ನ ಹೊಲಿಗೆ ಬಿಚ್ಚುವುದು ಸುಲಭವಲ್ಲ. ಮೂರು ಮೂಲೆಯ ಹತ್ತಿ ಕಿತ್ತು ಅಯಸ್ಕಾಂತ ಆಡಿಸಿದೆ, ಏನೂ ಇಲ್ಲ. ಇಲ್ಲ ಎಂದರೆ ಎಲ್ಲಿ? ಮಗುವಿನ ಮೈಯೊಳಗೇ? ಮಗಳು ಅದನ್ನು ಬಾಯಿಬಿಟ್ಟು ಕೇಳಿದಳು. ನಾಲ್ಕನೇ ಮೂಲೆಯಿಂದ ಎರಡು ಬೆರಳು ದೂರದಲ್ಲಿ ಟಿಕ್ ಅಂದಿತು. ಕಪ್ಪಗಿತ್ತು, ತೊಳೆದು ತೊಳೆದು ತುಕ್ಕು ಹಿಡಿದಿತ್ತು. ಒಂದು ತುದಿ ಬಟ್ಟೆಯ ಮೇಲ್ಮೈಗೆ ಬಂದುಬಿಟ್ಟಿತ್ತು. ಎಡಗಡೆ ಮಲಗಿಸಿದರೆ ಕತ್ತು ಬರುವುದು ಸರಿಯಾಗಿ ಅಲ್ಲೇ.

ಅದು ಒಂದೇ ಚೂರೋ, ಇನ್ನೂ ಇದೆಯೋ? ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಗೀರು ನೋಡಿ, ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಒಳಗೆ ಏನೂ ಇಲ್ಲ. ಗೀರಿಗೆ ಮುಲಾಮು ಕೊಟ್ಟಿದ್ದಾರೆ. ಗುಂಡ ಚೆನ್ನಾಗಿದ್ದಾನೆ. ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬಹುದಿತ್ತು. ಬೇಕಂತಲೇ ಇಲ್ಲಿಗೆ ತಂದೆ. ನೀನೂ ಇಷ್ಟು ದೂರ ಹೆದರಿಕೊಂಡು ಓದಬೇಕು ಅಂತ.

ತಪ್ಪು ಸೂಜಿ ಕಳಿಸಿದ್ದು ನಾನು. ತಪ್ಪು ಅಳೆದದ್ದು ನೀನು. ಅದು ಕೈತಪ್ಪು, ಯಾರಿಗೂ ಆಗುತ್ತೆ. ಆದರೆ ಎಂಟು ದಿನ! ಇಪ್ಪತ್ತೈದಕ್ಕೆ ಅವನನ್ನು ಅದರಲ್ಲೇ ಸುತ್ತಿ ಫೋಟೋ ತೆಗೆಸಲು ಒಯ್ದಿದ್ದೆವು. ಇಪ್ಪತ್ತೇಳಕ್ಕೆ ಅದರ ಮೇಲೆ ಮಗುಚಿದ. ಮೂವತ್ತಕ್ಕೆ ಅದರ ಮೂಲೆ ಬಾಯಲ್ಲಿಟ್ಟು ಚೀಪುತ್ತಿದ್ದ. ಬಾಯಲ್ಲಿ, ಅಕ್ಕಾ. ನಾನು ಪಕ್ಕದಲ್ಲೇ ಕೂತು ನಗುತ್ತಿದ್ದೆ. ನೀನು ಆ ಹೊತ್ತಿಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ನಿನ್ನ ಕಾಗದ ಮೊನ್ನೆ ಬಂದಾಗ ಓದಿ ಗೋಡೆಗೆ ಎಸೆದೆ. ಮಗಳು ಎತ್ತಿಕೊಂಡು ಓದಿದಳು. ಕೂಗಾಡಲಿಲ್ಲ. “ತಪ್ಪು ಮಾಡಿದವರನ್ನ ಬಿಡಬಹುದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರ ಕೈಗೆ ಮಾತ್ರ ನನ್ನ ಮಗೂನ ಇನ್ನು ಕೊಡಲ್ಲ, ಯಾರೇ ಆಗಿರಲಿ” ಅಂದಳು. ನಾನು ಹೌದು ಹೌದು ಅಂದೆ. ನಿನ್ನನ್ನು ಇನ್ನಷ್ಟು ಬೈದೆ.

ಅದಾದ ಮೇಲೆ ಎರಡು ದಿನದಿಂದ ನನಗೆ ಊಟ ಇಳಿಯುತ್ತಿಲ್ಲ. ಅಕ್ಕಾ, ಸೂಜಿ ತಾತ ನನಗೆ ಹೇಳಿದ್ದು “ಮೊನ್ನೆ” ಅಲ್ಲ. ಊರಿಂದ ಬಂದ ದಿನವೇ ಹೇಳಿದ್ದರು, ಜೂನ್ ಇಪ್ಪತ್ತನಾಲ್ಕಕ್ಕೆ. “ಇವತ್ತೇ ಬರೆದುಹಾಕು, ಮುರಿದರೆ ಅಪಾಯ” ಅಂತಲೂ ಅಂದಿದ್ದರು. ಕಾರ್ಡು ತೆಗೆದುಕೊಂಡು ಕೂತೆ. ಎಳ್ಳಷ್ಟೂ ಅನುಮಾನವಿಲ್ಲ ಅಂತ ಕೊಚ್ಚಿಕೊಂಡವಳು ಈಗ ಏನಂತ ಬರೆಯಲಿ? ಸೂಜಿ ಯಾವುದು ದಬ್ಬಳ ಯಾವುದು ಅಂತ ನೀನು ಮತ್ತೆ ಅಂದುಬಿಡುತ್ತೀಯ ಅಂತ ಹೆದರಿ ಕಾರ್ಡನ್ನು ಮಡಿಸಿಟ್ಟೆ. ಸೂಜಿ ಮುರಿಯಿತು ಅಂತ ನೀನು ಬರೆದಾಗಲೂ ಬಾಯಿ ಬಿಡಲಿಲ್ಲ. ಹಳೆಯದರ ಪಕ್ಕ ಅಳೆದೆ ಅಂತ ನೀನೇ ಬರೆದಿದ್ದೆ, ನನ್ನ ಕಣ್ಣೆದುರಿಗೇ ಇತ್ತು. ನನಗೆ ಹೊಳೆಯಲೇ ಇಲ್ಲ, ನನ್ನ ಮರ್ಯಾದೆ ಉಳಿಯಿತು ಅನ್ನುವುದಷ್ಟೇ ಹೊಳೆಯಿತು.

ಅಂದೇ ಬರೆದಿದ್ದರೆ ಕಾರ್ಡು ಇಪ್ಪತ್ತೆಂಟಕ್ಕೆ ನಿನ್ನ ಕೈ ಸೇರುತ್ತಿತ್ತು. ನೀನು ಹೊದಿಕೆ ಹೊಲಿದದ್ದು ಮೂವತ್ತಕ್ಕೆ. ನಿನ್ನದು ಎಂಟು ದಿನ, ನನ್ನದು ಇಪ್ಪತ್ತಾರು.

ಮಗಳಿಗೆ ಇನ್ನೂ ಹೇಳಿಲ್ಲ. ಅವಳು ಸ್ನಾನಕ್ಕೆ ಹೋಗಿದ್ದಾಳೆ, ಗುಂಡನನ್ನು ನನ್ನ ತೊಡೆಯ ಮೇಲೆ ಮಲಗಿಸಿ ಹೋಗಿದ್ದಾಳೆ. ಒಂದು ಕೈಯಲ್ಲಿ ಅವನನ್ನು ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ನನ್ನ ಬೆರಳು ಹಿಡಿದುಕೊಂಡು ನಿದ್ದೆ ಹೋಗಿದ್ದಾನೆ. ಅವಳು ಹೊರಗೆ ಬಂದ ಕೂಡಲೇ ಹೇಳಿಬಿಡುತ್ತೇನೆ. ತುಂಬ ಭಯವಾಗುತ್ತಿದೆ ಅಕ್ಕಾ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

ತಂಗಿ